ಉತ್ತರದ ನೀರಿನಲ್ಲಿ

ಕಡಲಲ್ಲಿ ತೇಲುವ ಮುಳ್ಳಕುದ್ರು ದ್ವೀಪ ಯಾವ ದೇಶದ ನೀರಿಗೆ ಸರಿಯುತ್ತಿತ್ತೋ ಅಲ್ಲಿ ಆ ದೇಶದ ಕಾನೂನೇ ನಡೆಯುತ್ತಿತ್ತು. ಉತ್ತರದವರು ಮತ ಬೇರೆಯಾದವರ ಮದುವೆಯನ್ನು ಒಪ್ಪುತ್ತಿರಲಿಲ್ಲ. ಹಾಗಾಗಿ ದ್ವೀಪ ಉತ್ತರಕ್ಕೆ ಹೋದಾಗಲೆಲ್ಲ ಮೀನುಗಾರ ಸಿರಿಲ್ ಹಾಸಿಗೆ ಸುತ್ತಿಕೊಂಡು ಗೆಳೆಯನ ಮನೆ ಸೇರುತ್ತಿದ್ದ. ಗಾಳಿ ತಿರುಗಿ ದ್ವೀಪ ದಕ್ಷಿಣಕ್ಕೆ ಸರಿದ ಮೇಲೆ ಮರಳಿ ವಾರಿಜಳ ಗಂಡನಾಗುತ್ತಿದ್ದ. ಈ ವರ್ಷ ಗಾಳಿ ತಿರುಗುವ ಮೊದಲೇ ವಾರಿಜಳಿಗೆ ಹೆರಿಗೆ ನೋವು ಶುರುವಾಯಿತು.

ಆಸ್ಪತ್ರೆಯ ಬಾಗಿಲಲ್ಲಿ ನರ್ಸ್ ಜಲಜಕ್ಕ ಅವನನ್ನು ತಡೆದಳು. ಅವರ ಮದುವೆಯಲ್ಲಿ ಬಡಿಸಲು ನಿಂತವಳು ಅವಳೇ.

“ಮಗು ಅಡ್ಡ ಉಂಟು ಸಿರಿಲ್, ಆಪರೇಷನ್ ಆಗ್ಬೇಕು. ಗಂಡನ ಸಹಿ ಇಲ್ಲದೆ ಮಾಡ್ಬಾರ್ದು ಅಂತ ಅವರ ಕಾನೂನು.”

“ನಾನೇ ಅಲ್ವಾ ಗಂಡ?”

“ಈ ನೀರಲ್ಲಿ ಅಲ್ಲ ಮಾರಾಯ,” ಎಂದು ಅವಳು ಮುಖ ತಿರುಗಿಸಿದಳು.

ಅವನು ದ್ವೀಪದ ಅಧ್ಯಕ್ಷರ ಮನೆಗೆ ಓಡಿದ. ಸಂಜೀವಣ್ಣ ಫೋನಿನ ಮುಂದೆಯೇ ಕೂತಿದ್ದರು.

“ಜಲಜ ಹೇಳಿದ್ಳು. ಉತ್ತರದವರ ಮಂತ್ರಿಗೆ ಫೋನ್ ಮಾಡಿ ಆಯ್ತು. ಮುಂದಿನ ವಾರ ನೋಡುವ ಅಂದ್ರು. ಇಲ್ಲಿ ನನ್ನ ಸಹಿಯೂ ನಡಿಯುದಿಲ್ಲ, ಎಂತ ಮಾಡ್ಲಿ?”

ಸಿರಿಲ್ ಕಡಲಿಗೆ ನಡೆದ. ಹಗ್ಗದ ಒಂದು ತುದಿಯನ್ನು ದಡದ ತೆಂಗಿಗೂ ಇನ್ನೊಂದನ್ನು ತನ್ನ ದೋಣಿಗೂ ಕಟ್ಟಿ, ದಕ್ಷಿಣಕ್ಕೆ ಮುಖ ಮಾಡಿ ಇಂಜಿನ್ ಶುರು ಮಾಡಿದ. ಹಗ್ಗ ಬಿಗಿಯಿತು. ದ್ವೀಪ ಅಲುಗಲಿಲ್ಲ. ದಡದಲ್ಲಿ ನಿಂತವರು ಯಾರೂ ನಗಲಿಲ್ಲ. ಹಿಂದೆಯೇ ಬಂದಿದ್ದ ಸಂಜೀವಣ್ಣ ಪಂಚೆ ಎತ್ತಿ ಕಟ್ಟಿ, ನೀರಿಗಿಳಿದು ದೋಣಿ ಹತ್ತಿದರು.

“ಇನ್ನೂ ಸ್ವಲ್ಪ ಜೋರು ಬಿಡು,” ಎಂದರು.