ಸೋಮವಾರದ ಒಪ್ಪತ್ತು

“ಏನೂ ಬ್ಯಾಡ ಹಂಪಮ್ಮ. ಇವತ್ತ ಸೋಮವಾರ, ನಂದು ಒಪ್ಪತ್ತು,” ಎಂದು ನಾಗಪ್ಪ ಗೌಡರು ಮುಂದಿಟ್ಟ ಚಹಾವನ್ನು ಒಂದೇ ಬೆರಳಿನಿಂದ ಆಚೆ ಸರಿಸಿದರು.

ಪಕ್ಕದಲ್ಲಿ ಕೂತಿದ್ದ ಮಗ ಅರುಣಕುಮಾರನ ಮುಖ ಸಪ್ಪಗಾಯಿತು. ಹೆಣ್ಣು ಕೇಳಲು ಅಪ್ಪ ಸೋಮವಾರವನ್ನೇ ಆರಿಸಿದಾಗಲೇ ಅವನಿಗೆ ಅನುಮಾನ ಬಂದಿತ್ತು. ಹೆಣ್ಣಿನ ಮನೆಯಲ್ಲಿ ಬಾಯಿಗೆ ಏನಾದರೂ ಹಾಕಿಕೊಂಡರೆ ಸಂಬಂಧಕ್ಕೆ ಒಪ್ಪಿದಂತೆ, ಹಾಗೇ ಎದ್ದರೆ ಇಲ್ಲವೆಂದಂತೆ. ಬಾಯಿಬಿಟ್ಟು ಇಲ್ಲ ಎನ್ನುವ ಧೈರ್ಯ ಗೌಡರಿಗೂ ಇರಲಿಲ್ಲ, ಪಾಪ. ಎಪ್ಪತ್ತು ಎಕರೆ ದಾಳಿಂಬೆ ತೋಟ, ನಡುವೆ ಕಲ್ಲುಕಂಬದ ದೊಡ್ಡಮನೆ ಎಲ್ಲ ಇದ್ದರೂ ಕೊಟ್ಟೂರಿನಿಂದ ಹಡಗಲಿಯವರೆಗೆ ಅವರ ಮಂದಿಯಲ್ಲೇ ಯಾರೂ ಒಕ್ಕಲುತನದ ಹುಡುಗನಿಗೆ ಹೆಣ್ಣು ಕೊಟ್ಟಿರಲಿಲ್ಲ. ಒಪ್ಪಿದವಳು ಒಬ್ಬಳೇ, ತೋಟಗಾರಿಕೆ ಇಲಾಖೆಯ ರೇಖಾ. ಅವಳ ತಾತ ಹುಲುಗಪ್ಪ ದೊಡ್ಡಮನೆಯಲ್ಲಿ ಆಳಾಗಿದ್ದವನು. ಗೌಡರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಅದೇ.

ರೇಖಾ ಮೊದಲ ಸಲ ತೋಟಕ್ಕೆ ಬಂದದ್ದು ಗಿಡದ ರೋಗ ನೋಡಲು. “ಗೌಡ್ರ ತೋಟ ಅಂದ್ರ ರೋಗ ಹೆದರತೈತೇನ್ರಿ? ಕಿತ್ತು ಸುಡ್ರಿ,” ಎಂದು ಅರುಣನಿಗೆ ಆಳುಗಳ ಮುಂದೆಯೇ ಬೈದಿದ್ದಳು. ಅಂದಿನಿಂದ ತೋಟದಲ್ಲಿ ವಾರಕ್ಕೊಂದು ಹೊಸ ರೋಗ ಹುಟ್ಟತೊಡಗಿತು. ಗಿಡಗಳೇನೋ ಚೆನ್ನಾಗಿಯೇ ಇದ್ದವು. ಇವತ್ತು ಬೆಳಿಗ್ಗೆ ಅವಳೇ ಫೋನ್ ಮಾಡಿ, “ನಿಮ್ಮಪ್ಪ ನಮ್ಮನ್ಯಾಗ ಉಣಲಾರದಂಗ ಎದ್ದು ಹೋದ್ರ ಎಲ್ಲಾ ಮುಗೀತು. ನಾ ಬೇರೆ ಜಿಲ್ಲಾಕ್ಕ ವರ್ಗ ಕೇಳ್ತೀನಿ,” ಎಂದಿದ್ದಳು. ಅವಳು ತಮಾಷೆಗೆ ಮಾತಾಡುವವಳಲ್ಲ. 

ರೇಖಾಳ ತಾಯಿ ಹಂಪಮ್ಮ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಗಂಡ ತೀರಿಕೊಂಡ ಮೇಲೆ ಕಾನಹೊಸಹಳ್ಳಿಯಲ್ಲಿ ಮನೆ ಕಟ್ಟಿಸಿ, ಮಗಳನ್ನು ಓದಿಸಿದ್ದಳು. ಟಿಕೆಟ್ ತೆಗೆದುಕೊಳ್ಳದವರು ಹೇಳುವ ನೆಪಗಳನ್ನು ಕೇಳಿ ಕೇಳಿ ಅವಳ ಕಿವಿ ಪಳಗಿತ್ತು.

“ಒಪ್ಪತ್ತು ಅಂದ್ರ ಹೊತ್ತು ಮುಳುಗಿದ ಮ್ಯಾಲ ಉಣ್ಣಬೌದಲ್ರಿ, ಗೌಡ್ರ? ಕುಂದರ್ರಿ. ಇನ್ನೇನ್ ಮುಳುಗತೈತಿ,” ಎಂದು ಆಕೆ ಫ್ಯಾನ್ ಜೋರು ಮಾಡಿದಳು.

ಸೂರ್ಯ ಮುಳುಗಲು ಇನ್ನೂ ಬಹಳ ಹೊತ್ತಿತ್ತು. ಗೌಡರು ಮಳೆಯ ವಿಷಯ ಮಾತಾಡಿದರು, ಹೈವೇಯ ವಿಷಯ ಮಾತಾಡಿದರು, ಗೋಡೆಯ ಕ್ಯಾಲೆಂಡರ್ ಎರಡು ಸಲ ಓದಿದರು. ಕಿಟಕಿಯಲ್ಲಿ ಬೆಳಕು ಆರಿದೊಡನೆ ಎರಡನೆಯ ಬಾಣ ತೆಗೆದರು.

“ಲಿಂಗಪೂಜಿ ಆಗಲಾರದ ನಾ ಏನೂ ತಿನ್ನಂಗಿಲ್ಲ ಹಂಪಮ್ಮ. ನೋಡು, ವಿಭೂತಿ ಮನ್ಯಾಗ ಮರತು ಬಂದೀನಿ.”

“ನಾ ತಂದೀನಪ್ಪಾ,” ಎಂದು ಅರುಣ ಅಂಗಿಯ ಜೇಬಿನಿಂದ ವಿಭೂತಿ ಗಟ್ಟಿ ತೆಗೆದ.

“ಲೇ, ನೀ ಯಾವಾಗಿಂದ ಇಷ್ಟು ದೊಡ್ಡ ಭಕ್ತ ಆದಿ?”

“ಇವತ್ತಿಂದಪ್ಪಾ.”

ಒಳಬಾಗಿಲ ಬಳಿ ನಿಂತಿದ್ದ ರೇಖಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಹಂಪಮ್ಮ ಕೈಕಾಲಿಗೆ ನೀರು ಕೊಟ್ಟು, ಹೊಸ ಚಾಪೆ ಹಾಸಿ, ಹೂವು ಪತ್ರಿ ಮುಂದಿಟ್ಟಳು. ಗೌಡರು ಬೇರೆ ದಾರಿ ಕಾಣದೆ ಕೂತು ಕಣ್ಣು ಮುಚ್ಚಿದರು. ಜನ್ಮದಲ್ಲಿ ಅಷ್ಟು ಉದ್ದದ ಪೂಜೆಯನ್ನು ಅವರು ಮಾಡಿರಲಿಲ್ಲ. ಆದರೆ ಒಳಗೆ ರೇಖಾ ಎಣ್ಣೆಗೆ ಮೆಣಸಿನಕಾಯಿ ಬಜ್ಜಿ ಬಿಡುತ್ತಿದ್ದಳು. ಬಿ.ಪಿ. ಎಂದು ಹೆಂಡತಿ ಉಚ್ಚಂಗೆಮ್ಮ ವರ್ಷದಿಂದ ಬರೀ ರಾಗಿ ಗಂಜಿ ಕುಡಿಸುತ್ತಿದ್ದ ಮನುಷ್ಯ. ಮಂತ್ರ ಎರಡು ಸಲ ತಪ್ಪಿತು. ಮೂರನೆಯ ಸಲ ತಪ್ಪಿದಾಗ ಶಿವನೇ ಸಾಕು ಎಂದನೇನೋ, ಗೌಡರು ಕಣ್ಣು ಬಿಟ್ಟರು.

ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿ, ಅದರ ಮೇಲೆ ಬಿಸಿ ಮೆಣಸಿನಕಾಯಿ.

ಗೌಡರು ಒಂದು ತಿಂದರು. ಅರುಣ ಉಸಿರು ಬಿಟ್ಟ. ಇನ್ನೊಂದು ತಿಂದರು. ಆಮೇಲೆ ಲೆಕ್ಕ ಇಡುವವರು ಯಾರೂ ಇರಲಿಲ್ಲ. ಕಣ್ಣಲ್ಲಿ ನೀರು, ಹಣೆಯಲ್ಲಿ ಬೆವರು, ಆದರೂ ಮುಖದಲ್ಲಿ ದಾನ ಕೊಟ್ಟವರ ಗತ್ತು.

“ಆತು ಬೀಗತಿ, ನಾವು ಒಪ್ಪೀವಿ. ಲಗ್ನ ತೋಟದಾಗ ಮಾಡೋಣು.”

“ನಾವಿನ್ನಾ ಒಪ್ಪಿಲ್ರಿ, ಗೌಡ್ರ,” ಎಂದಳು ಹಂಪಮ್ಮ.

ಗೌಡರ ಕೈ ತಟ್ಟೆಯಲ್ಲೇ ನಿಂತಿತು. ತಾವು ಒಪ್ಪುವುದೋ ಬಿಡುವುದೋ ಎಂದು ಅವರು ತಿಂಗಳಿಂದ ನಿದ್ದೆಗೆಟ್ಟಿದ್ದರು. ಆಚೆಯವರಿಗೂ ಒಂದು ಒಪ್ಪಿಗೆ ಇರುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ.

“ಹುಡುಗ ಚಲೋ ಅದಾನ್ರಿ, ಅದರಾಗ ಮಾತಿಲ್ಲ. ಆದ್ರ ಹೆಣ್ಣು ಕೊಡೋರು ಹುಡುಗನ ಮನಿ ನೋಡಬೇಕಲ್ರಿ?”

“ನಮ್ಮನಿ ನಿಮಗ ಹೊಸದೇನು? ನಿಮ್ಮ ಮಾವ ಹುಲುಗಪ್ಪ ಸಾಯೋತನಕ ಅಲ್ಲೇ ಇದ್ದ.”

“ಇದ್ರು. ಕೊಟ್ಟಿಗಿ ಹೆಂಗೈತಿ, ಹಿತ್ತಲ ಹೆಂಗೈತಿ ಅಂತ ದಿನಾ ಹೇಳ್ತಿದ್ರು. ಅಡಿಗಿಮನಿ ಹೆಂಗೈತಿ ಅಂತ ಮಾತ್ರ ಒಂದಿನಾನೂ ಹೇಳಲಿಲ್ಲ. ಪಾಪ, ಅವ್ರಿಗೂ ಗೊತ್ತಿರಲಿಲ್ಲ. ಐತವಾರ ಬಂದು ನೋಡ್ತೀವ್ರಿ.”

ರೇಖಾ ಬಾಗಿಲಿಗೆ ಬಂದು ನಿಂತಿದ್ದಳು. ಗೌಡರು ಹಂಪಮ್ಮನ ಮುಖ ನೋಡಿದರು, ರೇಖಾಳ ಮುಖ ನೋಡಿದರು, ಕೊನೆಗೆ ಮಗನ ಕಡೆ ತಿರುಗಿದರು. ದನಿ ಸಣ್ಣಗಾಗಿತ್ತು.

“ಲೇ ಅರುಣ, ನಿಮ್ಮವ್ವಗ ಫೋನ್ ಹಚ್ಚು. ಅಡಿಗಿಮನಿ ಬಾಳ ಮಸಿ ಹಿಡದೈತಿ. ಐತವಾರದೊಳಗ ಸುಣ್ಣ ಹೊಡಸಬೇಕು ಅನ್ನು. ಇವ್ರು ಒಪ್ಪತಾರೋ ಇಲ್ಲೋ.”