ಪಳಗದ ಮೈ

ಕೊಪ್ಪದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಯಮುನಮ್ಮ ಮೊದಲು ಕೇಳಿದ್ದು ಒಂದೇ: "ಜೇನುಪೆಟ್ಟಿಗೆ ಮುಚ್ಚಳ ಹಾಕಿ ಬಂದ್ರಾ?"

"ಹೋದ ಜೀವ ಬಂದಿದೆ, ನಿಂಗೆ ಮುಚ್ಚಳದ ಚಿಂತೆ ಮಾರಾಯ್ತಿ," ಎಂದ ಗಂಡ ಹೂವಪ್ಪ. ಜೇನು ಕಚ್ಚಿ ಎಚ್ಚರ ತಪ್ಪಿ ಬಿದ್ದವಳನ್ನು ತಮ್ಮ ಹಳ್ಳಿ ನಾರ್ವೆಯಿಂದ ಜೀಪಿನಲ್ಲಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಶಾರದಾಂಬೆಯನ್ನು ಕೂಗಿಕೊಂಡೇ ಬಂದಿದ್ದ.

"ಮುಂಚೆ ಯಾವಾಗಲಾದರೂ ಹೀಗಾಗಿತ್ತಾ?" ಡಾಕ್ಟರ್ ಸುಮಲತಾ ಕೇಳಿದರು.

ಯಮುನಮ್ಮ ಗಂಡನ ಕಣ್ಣು ತಪ್ಪಿಸಿದಳು. ಮೂರು ತಿಂಗಳ ಹಿಂದೆ ಒಂದೇ ಜೇನು ಕಚ್ಚಿ ಮೈಯೆಲ್ಲ ದದ್ದು ಎದ್ದಿತ್ತು. ಮೂವತ್ತು ವರ್ಷ ಕಚ್ಚಿಸಿಕೊಂಡು ಪಳಗಿದ ಮೈ, ಇದೇನು ಮಹಾ ಎಂದು ತುಳಸಿ ಅರೆದು ಹಚ್ಚಿ ಸುಮ್ಮನಾಗಿದ್ದಳು. ಹೇಳಿದರೆ ಗಂಡ ಪೆಟ್ಟಿಗೆಗಳನ್ನು ಯಾರಿಗಾದರೂ ಕೊಟ್ಟುಬಿಟ್ಟಾನೆಂಬ ಹೆದರಿಕೆ ಬೇರೆ. ಈಗ ಹೇಳಿದಳು.

"ಮೈ ಪಳಗಿಲ್ಲ ಅಮ್ಮ, ಜೇನಿನ ವಿಷದ ಗುರುತು ಇಟ್ಟುಕೊಂಡಿದೆ," ಎಂದರು ಡಾಕ್ಟರು. "ಬಿಳಿ ರಕ್ತಕಣಗಳಲ್ಲಿ ಕೆಲವು ಕಾವಲಿನವು. ಸುದ್ದಿ ಮುಟ್ಟಿಸೋ ಪ್ರೋಟೀನು, ಊತ ಬರಿಸೋ ರಸ, ಎಲ್ಲ ಮೊದಲೇ ಮಾಡಿ ಸಣ್ಣ ಚೀಲಗಳಲ್ಲಿ ತುಂಬಿಟ್ಟುಕೊಂಡಿರ್ತವೆ. ಬೇಕಾದಷ್ಟೇ ಬಿಚ್ಚಿದರೆ ಕಾಪಾಡ್ತವೆ. ನಿಮ್ಮಲ್ಲಿ ಒಂದು ಮುಳ್ಳಿಗೆ ಎಲ್ಲ ಚೀಲ ಒಟ್ಟಿಗೆ ಬಿಚ್ಚಿದವು."

ಯಮುನಮ್ಮ ಸೊರಗಿದ ಮುಖದಲ್ಲೇ ನಕ್ಕಳು. "ಜೇನೂ ಹಾಗೇ ಡಾಕ್ಟ್ರೇ. ಒಂದು ಚುಚ್ಚಿದ್ರೆ ಸಾಕು, ವಾಸನೆ ಬಿಟ್ಟು ಉಳಿದವನ್ನೆಲ್ಲ ಕರೆಯುತ್ತೆ. ಅದಕ್ಕೇ ನಾವು ಹೊಗೆ ಹಾಕೋದು. ಯಾರನ್ನ ಬಯ್ಯೋದು? ಎರಡೂ ಮನೆ ಕಾಯೋ ಜೀವವೇ."

"ಬಯ್ಯಬೇಡಿ. ಪೆಟ್ಟಿಗೆ ಹತ್ತಿರ ಮಾತ್ರ ಹೋಗಬೇಡಿ. ಇನ್ನೊಂದು ಮುಳ್ಳು ತಾಗಿದರೆ ಕೊಪ್ಪದವರೆಗೆ ಬರ್ತೀರೋ ಇಲ್ಲವೋ."

ವಾರದ ಮೇಲೆ ಒಂದು ಬೆಳಿಗ್ಗೆ, ಈವರೆಗೆ ಜೇನಿನ ಹತ್ತಿರ ಸುಳಿಯದ ಹೂವಪ್ಪ ಮುಖಕ್ಕೆ ಬಲೆ ಕಟ್ಟಿಕೊಂಡು ಪೆಟ್ಟಿಗೆಯ ಮುಂದೆ ನಿಂತ. ಯಮುನಮ್ಮ ದೂರದ ಕೊಟ್ಟಿಗೆಯ ಮೂಲೆಯಿಂದ ಹೇಳಿಕೊಡುತ್ತಿದ್ದಳು.

"ಮೊದಲು ಹೊಗೆ. ಆಮೇಲೆ ಕೈ ಮುಗಿದು ಮುಚ್ಚಳ ತೆಗೀರಿ."

"ಕೈ ಮುಗಿದ್ರೆ ತೆಗೆಯೋದು ಯಾವ ಕೈಲೇ?"

ನಗಲು ಹೊರಟವಳು ಹಾಗೇ ನಿಂತಳು. ಎಲ್ಲಿಂದಲೋ ಬಂದ ಒಂದು ಜೇನು ಅವಳ ಮಣಿಕಟ್ಟಿನ ಮೇಲೆ ಕುಳಿತು, ಮೀಸೆ ಒರೆಸಿಕೊಂಡು, ಮಿಡಿಯುವ ನಾಡಿಯ ಮೇಲೆ ನಡೆಯತೊಡಗಿತ್ತು.

"ಎಂತ ಆಯ್ತೇ?" ಹೂವಪ್ಪ ಕೂಗಿದ.

ಚರ್ಮದ ಮೇಲಿದ್ದ ಜೇನಿಗೂ ಕೆಳಗಿದ್ದ ಕಾವಲಿನವಕ್ಕೂ ಸುದ್ದಿ ಹೋಗದ ಹಾಗೆ, ಯಮುನಮ್ಮ ಉಸಿರು ಹಿಡಿದು ನಿಂತೇ ಇದ್ದಳು.