ಖಾಲಿ ಕಪಾಟಿನ ಬಾಡಿಗೆದಾರಳು

ಓನರಮ್ಮ ಬಾಗಿಲು ತಟ್ಟಲೂ ಇಲ್ಲ, ನೇರವಾಗಿ ಅಡುಗೆಮನೆಗೇ ನುಗ್ಗಿದರು. ಬಾಡಿಗೆಗಿದ್ದ ಸ್ಫೂರ್ತಿ ಅವರ ಹಿಂದೆಯೇ ಓಡಿದಳು. ತನ್ನ ಗುಟ್ಟು ತಿಳಿದರೆ, ಹಿಂದಿನ ಮನೆಯಂತೆ ಈ ಮನೆಯೂ ಕೈತಪ್ಪಿದಂತೆಯೇ.

“ಏನಮ್ಮಾ ಇದು? ಬೀದಿಯವ್ರಿಗೆಲ್ಲ ದಿನಾ ಪಾರ್ಸೆಲ್ ಬಂದು ಬೀಳುತ್ತೆ, ನಿನ್ನ ಮನೆಯಿಂದ ಮಾತ್ರ ಚೀಲ ಹೊರಗೆ ಹೋಗುತ್ತೆ! ನಿನ್ನೆ ಆ ಇಸ್ತ್ರಿಯವಳಿಗೆ ಪಾತ್ರೆ, ಕುಕ್ಕರ್ ಕೊಟ್ಯಂತೆ?”

“ಜಾಸ್ತಿ ಇತ್ತು ಆಂಟಿ, ಕೊಟ್ಟೆ. ಬೇಡದ್ದು ಕೊಳ್ಳೋದನ್ನೂ ಬಿಟ್ಟಿದೀನಿ.”

“ಯಾರೂ ಸುಮ್‌ಸುಮ್ನೆ ಕುಕ್ಕರ್ ದಾನ ಮಾಡಲ್ಲ.” ಅವರು ಖಾಲಿ ಕಪಾಟಿನೊಳಗೆ ತಲೆ ತೂರಿಸಿ ಮೂಗರಳಿಸಿದರು. “ಒಂದು ದೇವರ ಪಟಾನೂ ಇಲ್ಲ. ನಿಜ ಹೇಳು, ಏನು ಮುಚ್ಚಿಡ್ತಿದೀಯಾ?”

ಇನ್ನು ಬಚ್ಚಿಟ್ಟು ಫಲವಿಲ್ಲವೆಂದು ಸ್ಫೂರ್ತಿ ಧೈರ್ಯ ಮಾಡಿದಳು. “ನಾನು ವಿಕ್ಕಾ ಪಂಥದವಳು ಆಂಟಿ. ಮಾಟಗಾತಿ ಅಂತಾರಲ್ಲ, ಹಾಗೇ ಅಂದ್ಕೊಳ್ಳಿ. ನನಗೆ ಭೂಮಿನೇ ದೇವರು. ಚಂದ್ರ ಕರಗೋ ದಿನಗಳಲ್ಲಿ ಭೂಮಿಗೆ ಕೈಮುಗಿದು, ಬೇಡದ್ದನ್ನೆಲ್ಲ ಬೇಕಾದವರಿಗೆ ಕೊಟ್ಟುಬಿಡ್ತೀನಿ.”

ಓನರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸ್ಫೂರ್ತಿ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದಳು.

“ಬರೀ ಮಾಟಾನಾ?” ಅವರು ಉಸ್ಸೆಂದು ಅಲ್ಲೇ ನೆಲದ ಮೇಲೆ ಕುಳಿತರು. “ಇರು ತಾಯಿ, ಎಷ್ಟು ವರ್ಷ ಬೇಕಾದ್ರೂ ಇರು. ನೀನೆಲ್ಲೋ ಮಾಂಸ ಬೇಯ್ಸೋ ಜನ, ಆ ಪಾತ್ರೆ ಸಾಗ್ಸಿ ಜಾತಿ ಮುಚ್ಚಿಡ್ತಿದೀಯೇನೋ ಅಂತ ಹೆದರಿಬಿಟ್ಟಿದ್ದೆ!”